ಸ್ತಂಭವೂ ಸುಳ್ಳು ಹೇಳೀತು!

ಮಕ್ಕಳೇ, ನಿಮ್ಮ ತರಗತಿಗೆ ಸೋಮವಾರ 38, ಮಂಗಳವಾರ 40 ಮಂದಿ ಬಂದರೆನ್ನೋಣ. ಇದನ್ನು ಚಿತ್ರವಾಗಿಸಲು ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಉಚಿತ ತಂತ್ರಾಂಶವಿದೆ. ಮೊದಲ ಕಾಲಂನಲ್ಲಿ ದಿನ, ಪಕ್ಕದ ಕಾಲಂನಲ್ಲಿ ಹಾಜರಿ ತುಂಬಿರಿ. ಎರಡನ್ನೂ ಮೌಸ್‌ನಿಂದ ಆಯ್ದು, 'ಇನ್ಸರ್ಟ್' ಪಟ್ಟಿಯಲ್ಲಿ 'ಚಾರ್ಟ್', ಬಳಿಕ 'ಫಿನಿಶ್' ಒತ್ತಿದರೆ ಸ್ತಂಭಾಲೇಖ ಸಿದ್ಧ.

ಈಗ ಎಡಗಡೆಯ ಅಂಕಿಗಳನ್ನು ನೋಡಿ. ಅವು ಸೊನ್ನೆಯಿಂದ ಶುರುವಾಗಿವೆಯೇ? 37ರಿಂದ ಶುರುವಾದರೆ ಸೋಮವಾರದ ಸ್ತಂಭ 1 ಪಾಲು, ಮಂಗಳವಾರದ್ದು 3 ಪಾಲು ಎತ್ತರ. ಇಬ್ಬರು ಹೆಚ್ಚು ಬಂದದ್ದಕ್ಕೆ ಹಾಜರಿಯೇ ಮೂರು ಪಟ್ಟಾದಂತೆ ಕಾಣುತ್ತದೆ! (ಜಾಹೀರಾತುಗಳಲ್ಲೂ ಈ ಚಮತ್ಕಾರ ಉಂಟು.) ಹಾಗಿದ್ದರೆ ಚಿತ್ರದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ. ಆ ಅಂಕಿಗಳ ಮೇಲೆ ಮೌಸ್‌ನ ಬಲಗುಂಡಿ ಒತ್ತಿ 'ಫಾರ್ಮ್ಯಾಟ್ ಆಕ್ಸಿಸ್' ತೆರೆಯಿರಿ. 'ಸ್ಕೇಲ್' ಪುಟದಲ್ಲಿ 'ಮಿನಿಮಮ್' ಎದುರಿನ 'ಆಟೋಮ್ಯಾಟಿಕ್' ಗುರುತು ತೆಗೆದು 0 ಬರೆಯಿರಿ. ಎರಡು ಸ್ತಂಭಗಳೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬರುತ್ತವೆ.