ಕಡಲೆಕಾಯಿ ಹೊಲದಲ್ಲೊಂದು ವಿಚಾರಣೆ

ಜೀವಶಾಸ್ತ್ರದ ಪಾಠಪುಸ್ತಕದ ಮೊದಲ ಪುಟಗಳಲ್ಲಿ ವೀಕ್ಷಣೆ, ಊಹೆ, ಪ್ರಯೋಗ, ನಿರ್ಣಯ ಎಂಬ ನಾಲ್ಕು ಮಾತುಗಳು ಬರುತ್ತವೆ. ನಮ್ಮ ವಿದ್ಯಾರ್ಥಿಗಳು ಅವನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಊಹೆಗೂ ನಿರ್ಣಯಕ್ಕೂ ನಡುವೆ ಎಷ್ಟು ದಾರಿ ನಡೆಯಬೇಕೆಂಬುದು ಕಂಠಪಾಠದಿಂದ ತಿಳಿಯತಕ್ಕದ್ದಲ್ಲ. ಅದಕ್ಕೆ ದೃಷ್ಟಾಂತವನ್ನು ದೂರದೇಶದಲ್ಲಿ ಅರಸಬೇಕಾಗಿಯೂ ಇಲ್ಲ. ರಾಯದುರ್ಗ, ಮಡಕಶಿರಾಗಳೆರಡೂ ಸೇರಿದ್ದ ಅಂದಿನ ಅನಂತಪುರ ಜಿಲ್ಲೆಯಲ್ಲಿಯೇ 2000ನೆಯ ಇಸವಿಯಲ್ಲಿ ಅದು ಒದಗಿತು. (ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ.)

ಆ ವರ್ಷ ಮುಂಗಾರಿನ ಕಡಲೆಕಾಯಿ ಗಿಡಗಳಲ್ಲಿ ಎಳೆಯ ಎಲೆಗಳು ಕಂದಿ, ಕುಡಿಯೂ ಕಾಂಡವೂ ಒಣಗಿ, ಅನೇಕ ಗಿಡಗಳು ಕಾಯಿ ಕಟ್ಟುವ ಮೊದಲೇ ಸತ್ತವು. ಸುಮಾರು 2,25,000 ಹೆಕ್ಟೇರುಗಳಿಗೆ ರೋಗ ಹಬ್ಬಿತು; ನಷ್ಟ 300 ಕೋಟಿ ರೂಪಾಯಿಗಳನ್ನು ಮೀರಿತೆಂದು ಅಂದಾಜಾಯಿತು. ಕಡಲೆಕಾಯಿಯನ್ನೇ ನಂಬಿದ ಸೀಮೆಯಲ್ಲಿ ಇದರ ಅರ್ಥವೇನೆಂಬುದನ್ನು ತಂದೆತಾಯಂದಿರಿಗೆ ನಾವು ವಿವರಿಸಬೇಕಾಗಿಲ್ಲ.

ನೋಟಕ್ಕೆ ಇದು ಹಳೆಯ ಪರಿಚಿತ ವ್ಯಾಧಿಯಂತೆಯೇ ಇತ್ತು. ಕುಡಿಯನ್ನು ಒಣಗಿಸುವ ವೈರಸ್ ರೋಗವೊಂದು ಕಡಲೆಕಾಯಿಗೆ ಮೊದಲಿನಿಂದಲೂ ಉಂಟು. ಅದೇ ಇದೆಂದು ಊಹಿಸುವುದು ಸಹಜ. ಆದರೆ ಹೋಲಿಕೆ ಪುರಾವೆಯಲ್ಲ. ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿರುವ ಇಕ್ರಿಸಾಟ್ ಸಂಸ್ಥೆಯ ವಿಜ್ಞಾನಿಗಳು ರೋಗದ ಗಿಡಗಳನ್ನು ಪರೀಕ್ಷೆಗೆ ಒಳಪಡಿಸಿದರು. ಒಂದು ವೈರಸ್ಸನ್ನು ಮೊಲದಂತಹ ಪ್ರಾಣಿಯ ದೇಹಕ್ಕೆ ಚುಚ್ಚಿದರೆ, ಅದನ್ನು ಹಿಡಿದುಕೊಳ್ಳುವ ಪ್ರತಿಕಾಯಗಳು ಆ ಪ್ರಾಣಿಯ ರಕ್ತದಲ್ಲಿ ಹುಟ್ಟುತ್ತವೆ. ಅವು ಬೇರೆ ಜಾತಿಯ ವೈರಸ್ಸನ್ನು ಸಾಮಾನ್ಯವಾಗಿ ಹಿಡಿಯಲಾರವು. ಹಳೆಯ ರೋಗದ ಪ್ರತಿಕಾಯಕ್ಕೆ ಈ ಗಿಡಗಳ ರಸ ಓಗೊಡಲಿಲ್ಲ. ಓಗೊಟ್ಟದ್ದು ತಂಬಾಕಿನ ಗೆರೆರೋಗದ ವೈರಸ್ಸಿನ ಪ್ರತಿಕಾಯಕ್ಕೆ! ರೋಗಿ ಗಿಡದ ರಸವನ್ನು ಆರೋಗ್ಯವಂತ ಕಡಲೆಕಾಯಿ ಗಿಡಕ್ಕೆ ಸವರಿದಾಗ ಅದೇ ಲಕ್ಷಣಗಳು ತೋರಿದವು. ಆಗ ಮಾತ್ರ ಅಪರಾಧಿ ಸಿಕ್ಕಿತೆನ್ನಬಹುದಾಯಿತು.

ಅಪರಾಧಿಯೇನೋ ಸಿಕ್ಕಿತು, ಅದು ಹೊಲಕ್ಕೆ ಬಂದುದು ಹೇಗೆ? ವೈರಸ್ ತಾನಾಗಿ ಚಲಿಸಲಾರದು. ಜೀವಕೋಶದೊಳಗೆ ಹೊಕ್ಕರಷ್ಟೇ ವೃದ್ಧಿಯಾಗುತ್ತದೆ. ಸಸ್ಯದ ಕೋಶಕ್ಕೆ ಗಟ್ಟಿಯಾದ ಭಿತ್ತಿಯಿರುವುದರಿಂದ ಒಳಹೋಗಲು ಗಾಯವೊಂದು ಬೇಕು. ಇಲ್ಲಿಯೇ ಕಥೆಯ ಅತ್ಯಂತ ರಸವತ್ತಾದ ಭಾಗವಿದೆಯೆಂದು ನಮ್ಮ ಅಭಿಪ್ರಾಯ.

ಹೊಲಗಳ ಸುತ್ತ, ಬದುಗಳ ಮೇಲೆ, ಬೀಳುನೆಲದಲ್ಲಿ ಬೆಳೆಯುವ ಪಾರ್ಥೇನಿಯಂ, ಎಂದರೆ ನಮ್ಮ ಜನ ಕಾಂಗ್ರೆಸ್ ಗಿಡವೆನ್ನುವ ಕಳೆ, ಈ ವೈರಸ್ಸಿನ ತವರಾಗಿತ್ತು. ಗಿಡ ಮಾತ್ರ ಹಸುರಾಗಿ, ಹೂಬಿಟ್ಟುಕೊಂಡು, ಯಾವ ರೋಗಲಕ್ಷಣವನ್ನೂ ತೋರದೆ ನಿಂತಿತ್ತು. ವೈರಸ್ ಅಡಗಿದ್ದುದು ಅದರ ಪರಾಗದಲ್ಲಿ. ಆ ಪರಾಗ ಗಾಳಿಯಿಂದಲೂ, ಥ್ರಿಪ್ಸ್ ಎಂಬ ನುಸಿಯ ಮೈಗಂಟಿಯೂ ಕಡಲೆಕಾಯಿ ಎಲೆಗೆ ಬೀಳುತ್ತದೆ. ನುಸಿ ಎಲೆಯನ್ನು ಕೆರೆದು ರಸ ಹೀರುವಾಗ ಗಾಯವಾಗುತ್ತದೆ. ಆ ಬಾಗಿಲಿನಿಂದ ವೈರಸ್ ಒಳಹೊಗುತ್ತದೆ.

ಇಂತಹ ಮಾತನ್ನು ನಂಬುವುದು ಹೇಗೆ? ಆಸ್ಟ್ರೇಲಿಯಾದ ಸಂಶೋಧಕರು ಈ ವೈರಸ್ಸಿನ ಬಗೆಗೆ 1987ರಲ್ಲಿ ಪ್ರಕಟಿಸಿದ ಪ್ರಯೋಗದ ಕ್ರಮವನ್ನು ಮಕ್ಕಳು ಗಮನಿಸಲಿ. ಕೆಲವು ಸಸಿಗಳ ಮೇಲೆ ರೋಗದ ಪರಾಗವನ್ನಷ್ಟೇ ಇಡುವುದು. ಕೆಲವಕ್ಕೆ ನುಸಿಗಳನ್ನಷ್ಟೇ ಬಿಡುವುದು. ಉಳಿದವಕ್ಕೆ ಎರಡನ್ನೂ ಕೂಡಿಸುವುದು. ಎರಡೂ ಕೂಡಿದಲ್ಲಿ ರೋಗ ತಗಲಿತು, ಒಂದೊಂದೇ ಇದ್ದಲ್ಲಿ ತಗಲಲಿಲ್ಲ. ಮೊದಲಿನ ಎರಡು ಗುಂಪುಗಳಿಲ್ಲದಿದ್ದರೆ ಮೂರನೆಯದರಿಂದ ಏನೂ ಸಿದ್ಧವಾಗುತ್ತಿರಲಿಲ್ಲ. ಹೋಲಿಸಿ ನೋಡಲು ಇಟ್ಟುಕೊಳ್ಳುವ ಇಂತಹ ಗುಂಪಿಗೆ ನಿಯಂತ್ರಣ ಗುಂಪೆಂದು ಹೆಸರು.

ಇನ್ನು ರೈತರ ಪ್ರಶ್ನೆ: ರೋಗದ ಹೊಲದ ಬೀಜವನ್ನು ಮುಂದಿನ ವರ್ಷ ಬಿತ್ತಬಹುದೆ? ಉತ್ತರ ತಪ್ಪಿದರೆ ಒಂದೋ ಬೆಳೆ ಹೋಗುತ್ತದೆ, ಇಲ್ಲವೇ ಬೀಜದ ಹಣ ವ್ಯರ್ಥವಾಗುತ್ತದೆ. ರೋಗ ತಗಲಿದ ಗಿಡಗಳ ಬೀಜವನ್ನೇ ಬಿತ್ತಿ ಸಸಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಈ ವೈರಸ್ ಕಾಣಲಿಲ್ಲ. ಹಾಗಾಗಿ ಗಮನವೆಲ್ಲ ಕಳೆಯ ಕಡೆಗೆ ತಿರುಗಿತು. ಹೊಲದ ಅಂಚಿನಲ್ಲಿ ಜೋಳ ಅಥವಾ ಸಜ್ಜೆಯ ಕೆಲವು ಸಾಲುಗಳನ್ನು ಒತ್ತಾಗಿ ಬಿತ್ತಿದರೆ ಅವು ತೆರೆಯಂತೆ ನಿಂತು ಪರಾಗವನ್ನೂ ನುಸಿಯನ್ನೂ ತಡೆಯುತ್ತವೆ. ಪಾರ್ಥೇನಿಯಂ ಗಿಡವನ್ನಂತೂ ಹೂಬಿಡುವ ಮೊದಲೇ ಕೀಳಬೇಕು. ಹೂಬಿಟ್ಟ ಮೇಲೆ ಕಿತ್ತರೆ ಪರಾಗ ಅದಾಗಲೇ ಹರಡಿರುತ್ತದೆ. ಶಾಲೆಯ ಬೇಲಿಯ ಬಳಿ ಇದನ್ನು ಕೀಳಹೊರಡುವ ಮಕ್ಕಳು ಕೈಗಳಿಗೆ ಬಟ್ಟೆಯನ್ನಾದರೂ ಸುತ್ತಿಕೊಳ್ಳಲಿ, ಏಕೆಂದರೆ ಈ ಗಿಡ ತಗಲಿದರೆ ಹಲವರಿಗೆ ತುರಿಕೆಯೂ ಗಂಧೆಯೂ ಏಳುತ್ತವೆ.