ಹಳೆಯ ಕಾರು ತಡವರಿಸುವುದು ಯಾವಾಗ?

‘ಗಾಡಿ ಮಿಸ್ಸಿಂಗ್ ಹೊಡೀತಿದೆ’ ಎಂದು ಗ್ಯಾರೇಜಿಗೆ ಹೋದರೆ ಮೊದಲು ಪ್ಲಗ್ ಬದಲಾಗುತ್ತದೆ. ವಾರ ಬಿಟ್ಟು ಮತ್ತೆ ಹೋದರೆ ಪ್ಲಗ್ ವೈರು, ಆಮೇಲೆ ಕಾಯಿಲ್, ಅದಾದ ಮೇಲೆ ಕಾರ್ಬುರೇಟರ್ ಸರ್ವಿಸ್. ಬಿಲ್ಲು ಬೆಳೆಯುತ್ತಾ ಹೋಗುತ್ತದೆ, ಮಿಸ್ಸಿಂಗ್ ಮಾತ್ರ ಇದ್ದಲ್ಲೇ ಇರುತ್ತದೆ. ಕೊನೆಗೆ ಯಾರೋ ಒಬ್ಬರು ‘ಗುಜರಿಗೆ ಹಾಕಿಬಿಡಿ ಸಾರ್’ ಅನ್ನುತ್ತಾರೆ. ಇನ್ನೂ ವರ್ಷಗಟ್ಟಲೆ ಓಡಬಲ್ಲ ಗಾಡಿ ಒಂದು ಗೇಣುದ್ದದ ರಬ್ಬರ್ ಪೈಪಿನ ದೆಸೆಯಿಂದ ಗುಜರಿ ಸೇರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇಷ್ಟೆಲ್ಲ ಬದಲಿಸುವ ಮೊದಲು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಮಿಸ್ಸಿಂಗ್ ಆಗುವುದು ಯಾವಾಗ?

ನಮ್ಮಲ್ಲಿ ಈಗಲೂ ಓಡಾಡುತ್ತಿರುವ ಮಾರುತಿ 800 ಕಾರನ್ನೇ ತೆಗೆದುಕೊಳ್ಳಿ. 1983ರ ಡಿಸೆಂಬರ್‌ನಲ್ಲಿ ಮೊದಲ ಕಾರಿನ ಕೀಲಿ ಕೊಟ್ಟಾಗಿನಿಂದ 2014ರ ತನಕ ತಯಾರಾದ ಗಾಡಿ. 796 ಸಿಸಿ, ಮೂರೇ ಸಿಲಿಂಡರ್. ಒಂದು ಸಿಲಿಂಡರ್ ಕೈಕೊಟ್ಟರೆ ಮೂರರಲ್ಲೊಂದು ಪಾಲು ಶಕ್ತಿ ಹೋದಂತೆ. ಅದಕ್ಕೇ ಸ್ಟೀರಿಂಗ್ ಹಿಡಿದ ಕೈಗೂ ಸೀಟಿಗೂ ನಡುಕ ಬರುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರಿಗೂ ಒಂದೊಂದು ಕಿಡಿ ಬೇಕು. ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವಾಗ ಈ ಪುಟ್ಟ ಗಾಡಿಯಲ್ಲೂ ಸೆಕೆಂಡಿಗೆ 100 ಕಿಡಿ ಹಾರುತ್ತವೆ. ಪ್ರತಿ ಕಿಡಿಯೂ ಹೊತ್ತಿಗೆ ಸರಿಯಾಗಿ ಬರಬೇಕು, ಪೆಟ್ರೋಲ್ ಮತ್ತು ಗಾಳಿ ಹದವಾಗಿ ಬೆರೆತಿರಬೇಕು, ಆ ಮಿಶ್ರಣ ಸಿಲಿಂಡರಿನೊಳಗೆ ಸೋರದೆ ಒತ್ತಡಕ್ಕೆ ಸಿಗಬೇಕು. ಈ ಮೂರರಲ್ಲಿ ಯಾವುದು ತಪ್ಪಿದೆ ಎಂಬುದರ ಸುಳಿವು ‘ಯಾವಾಗ’ ಎಂಬ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಇರುತ್ತದೆ.

ಮಳೆ ಬಂದಾಗ ಮಾತ್ರವೇ? ಹಾಗಾದರೆ ಪೆಟ್ರೋಲ್ ಕಡೆ ನೋಡುವುದೇ ಬೇಡ, ಕರೆಂಟು ಸೋರುತ್ತಿದೆ. ಸಾವಿರಾರು ವೋಲ್ಟ್ ಹೊತ್ತ ಪ್ಲಗ್ ವೈರಿನ ಹೊದಿಕೆ ಬಿರುಕು ಬಿಟ್ಟಿದ್ದರೆ, ತೇವಕ್ಕೆ ಕಿಡಿ ಪ್ಲಗ್ಗಿನ ತನಕ ಹೋಗದೆ ದಾರಿಯಲ್ಲೇ ಎಂಜಿನ್ನಿನ ಲೋಹಕ್ಕೆ ಹಾರುತ್ತದೆ. ರಾತ್ರಿ ದೀಪ ಆರಿಸಿ, ಬಾನೆಟ್ ತೆರೆದು, ಎಂಜಿನ್ ಚಾಲೂ ಇರುವಾಗ ವೈರುಗಳ ಮೇಲೆ ನೀರನ್ನು ಮಂಜಿನಂತೆ ಸಿಂಪಡಿಸಿದರೆ ನೀಲಿ ಕಿಡಿಗಳು ಕಣ್ಣಿಗೇ ಕಾಣುತ್ತವೆ. ವೈರು ಮುಟ್ಟಬಾರದು, ಎಲ್ಲಾದರೂ ಪೆಟ್ರೋಲ್ ಜಿನುಗುತ್ತಿದ್ದರೆ ಈ ಪರೀಕ್ಷೆಗೇ ಇಳಿಯಬಾರದು. ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಭಾಗವನ್ನೂ ಬೆಳಕಿಗೆ ಹಿಡಿದು ನೋಡಿ. ಪೆನ್ಸಿಲಿನಲ್ಲಿ ಗೀಚಿದಂಥ ತೆಳ್ಳನೆಯ ಕಪ್ಪು ಗೆರೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹರಿದಿದ್ದರೆ ಕಳ್ಳ ಸಿಕ್ಕಿಬಿದ್ದ. ಒರೆಸಿದರೆ ಅದು ಹೋಗುವುದಿಲ್ಲ, ಮುಚ್ಚಳವನ್ನೇ ಬದಲಿಸಬೇಕು.

ಘಾಟಿ ಹತ್ತುವಾಗ ಮಾತ್ರ ಸುಸ್ತಾಗುತ್ತದೆಯೇ? ಶಿರಾಡಿಯ ಏರಿನಲ್ಲಿ ಮುಕ್ಕರಿಯುವ ಗಾಡಿ ಹಾಸನದ ಬಯಲಿಗೆ ಬಂದೊಡನೆ ಏನೂ ಆಗದಂತೆ ಓಡಿದರೆ ಬಹುಪಾಲು ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಫಿಲ್ಟರ್ ಕಟ್ಟಿರಬಹುದು, ಟ್ಯಾಂಕಿನ ತುಕ್ಕು ಪೈಪಿಗೆ ಬಂದಿರಬಹುದು. ಇದಕ್ಕೂ ಮೊದಲು ಪೈಸೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಗಾಡಿ ಸುಸ್ತಾದ ಕೂಡಲೇ ಬದಿಗೆ ನಿಲ್ಲಿಸಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಚ್ಚಿ. ಹೊರಗಿನ ಗಾಳಿ ಬುಸ್ಸನೆ ಒಳಗೆ ನುಗ್ಗಿ, ಆಮೇಲೆ ಗಾಡಿ ಸರಿಯಾಗಿ ಎಳೆದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿದೆ. ಇಂಥ ಗಾಡಿಗಳಿಗೆ ಪೆಟ್ರೋಲ್ ಪಂಪ್ ಹಾಕಿಸಿದವರುಂಟು, ಕಾರ್ಬುರೇಟರ್ ಹೊಸದು ತಂದವರುಂಟು.

ಬೇಸಿಗೆಯ ಟ್ರಾಫಿಕ್ಕಿನಲ್ಲಿ ಕಾದ ಮೇಲೆ ನಿಂತುಬಿಡುವ ಗಾಡಿಯದು ಬೇರೆ ಕಥೆ. ಪದ್ಮಿನಿ, ಅಂಬಾಸಿಡರ್ ಓಡಿಸಿದವರಿಗೆ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದ ನೆನಪು ಇದ್ದೇ ಇರುತ್ತದೆ. ಪೈಪಿನೊಳಗಿನ ಪೆಟ್ರೋಲ್ ಆವಿಯಾಗಿ ಪಂಪು ಎಳೆಯಲಾರದೆ ಹೋಗುವ ತೊಂದರೆ ಅದು. ಕಾಯಿಲ್ ಕಾದು ಸಾಯುವಾಗಲೂ ಲಕ್ಷಣ ಥೇಟ್ ಹೀಗೇ ಇರುತ್ತದೆ, ಅರ್ಧ ಗಂಟೆ ತಣಿದರೆ ಎರಡೂ ಸರಿಹೋಗುತ್ತವೆ. ಆದ್ದರಿಂದ ತಣಿಯಲು ಬಿಡದೆ, ನಿಂತ ಕ್ಷಣದಲ್ಲೇ ಕಿಡಿ ಇದೆಯೋ ಇಲ್ಲವೋ ನೋಡಬೇಕು. ಇದ್ದರೆ ಪೆಟ್ರೋಲ್, ಇಲ್ಲದಿದ್ದರೆ ಕಾಯಿಲ್ ಅಥವಾ ಕಂಡೆನ್ಸರ್.

ಅತಿ ಹೆಚ್ಚು ತಪ್ಪು ಚಿಕಿತ್ಸೆ ಸಿಗುವುದು ಆಕ್ಸಿಲರೇಟರ್ ತುಳಿದ ತಕ್ಷಣ ‘ಗಕ್’ ಎಂದು ತಡೆದು ಆಮೇಲೆ ಓಡುವ ಗಾಡಿಗಳಿಗೆ. ತುಳಿದಾಗ ಗಾಳಿ ಒಮ್ಮೆಲೇ ನುಗ್ಗುತ್ತದೆ, ಪೆಟ್ರೋಲ್ ಅಷ್ಟು ಬೇಗ ಬರಲಾರದು. ಆ ಕೊರತೆ ತುಂಬಲೆಂದೇ ಕಾರ್ಬುರೇಟರಿನಲ್ಲಿ ಒಂದು ಪುಟ್ಟ ಪಂಪಿದೆ. ಎಂಜಿನ್ ಆಫ್ ಮಾಡಿ ಏರ್ ಫಿಲ್ಟರ್ ತೆಗೆಯಿರಿ. ಕಾರ್ಬುರೇಟರಿನ ಗಂಟಲೊಳಗೆ ಟಾರ್ಚ್ ಬಿಟ್ಟು, ಕೈಯಿಂದಲೇ ಥ್ರಾಟಲ್ ಎಳೆಯಿರಿ. ಕೂದಲೆಳೆಯಷ್ಟು ಸಣ್ಣ ಪೆಟ್ರೋಲ್ ಧಾರೆ ಕೂಡಲೇ ಚಿಮ್ಮಬೇಕು. ಚಿಮ್ಮದೆ ತೊಟ್ಟಿಕ್ಕಿದರೆ ಪಂಪಿನ ಡಯಾಫ್ರಾಮ್ ಹರಿದಿದೆ ಅಥವಾ ಅದರ ರಂಧ್ರ ಕಟ್ಟಿದೆ. ಧಾರೆ ಚೆನ್ನಾಗಿದ್ದೂ ತಡವರಿಸಿದರೆ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಪೈಪ್ ಕಳಚಿ, ಬಾಯಿಂದ ಗಾಳಿ ಎಳೆದು ನಾಲಿಗೆಯಿಂದ ಮುಚ್ಚಿ ಹಿಡಿಯಿರಿ. ಎಳೆತ ನಿಲ್ಲದೆ ಗಾಳಿ ಬರುತ್ತಲೇ ಇದ್ದರೆ ಅಲ್ಲಿನ ಡಯಾಫ್ರಾಮ್ ತೂತು ಬಿದ್ದಿದೆ. ಕಿಡಿ ಹೊತ್ತಿಗೆ ಮುಂಚೆ ಸರಿಯುತ್ತಿಲ್ಲ.

ಐಡ್ಲಿಂಗಿನಲ್ಲಷ್ಟೇ ನಡುಗಿ ರೇಸ್ ಕೊಟ್ಟರೆ ಸರಿಹೋಗುವ ಎಂಜಿನ್ ಎಲ್ಲಿಂದಲೋ ಗಾಳಿ ಎಳೆಯುತ್ತಿರುತ್ತದೆ. ಮ್ಯಾನಿಫೋಲ್ಡಿನಿಂದ ಹೊರಟ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಸುಕಿ, ಯಾವುದನ್ನು ಹಿಸುಕಿದಾಗ ಸದ್ದು ಬದಲಾಗಿ ಎಂಜಿನ್ ನೆಮ್ಮದಿಯಾಗುತ್ತದೆ ಎಂದು ಕೇಳಿಸಿಕೊಳ್ಳಿ.

ಯಾವ ಸಿಲಿಂಡರ್ ಸತ್ತಿದೆ ಎಂದು ಹುಡುಕಲು ನಮ್ಮ ಮೆಕ್ಯಾನಿಕ್‌ಗಳು ಪ್ಲಗ್ ವೈರುಗಳನ್ನು ಒಂದೊಂದಾಗಿ ಕಳಚುತ್ತಾರೆ. ಕಳಚಿದಾಗ ಎಂಜಿನ್ ಕುಸಿದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಏನೂ ವ್ಯತ್ಯಾಸವಾಗದಿದ್ದರೆ ಸತ್ತಿದ್ದು ಅದೇ. ಒಳ್ಳೆಯ ಪರೀಕ್ಷೆ. ಆದರೆ ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಗಳಲ್ಲಿ ವೈರನ್ನು ಗಾಳಿಯಲ್ಲಿ ಬಿಡುವಂತಿಲ್ಲ, ಬೇರೊಂದು ಪ್ಲಗ್ ಸಿಕ್ಕಿಸಿ ಎಂಜಿನ್ನಿಗೆ ಅರ್ತ್ ಕೊಡಬೇಕು. ಆ ಸಿಲಿಂಡರಿನ ಪ್ಲಗ್ ಬಿಚ್ಚಿ ಮೂತಿ ನೋಡಿ. ಬಿಸ್ಕತ್ತಿನ ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿಯಾದರೆ ಪೆಟ್ರೋಲ್ ಹೆಚ್ಚು, ಎಣ್ಣೆಯ ಜಿಡ್ಡಾದರೆ ರಿಂಗು ಅಥವಾ ವಾಲ್ವ್ ಸೀಲು, ಬೆಳ್ಳಗೆ ಸುಟ್ಟಿದ್ದರೆ ಪೆಟ್ರೋಲ್ ಕಡಿಮೆ. ಪೆಟ್ರೋಲಿನಲ್ಲಿ ತೊಯ್ದು ಬಂದರೆ ಕಿಡಿಯೇ ಬರುತ್ತಿಲ್ಲ.

ಎಮಿಷನ್ ಟೆಸ್ಟಿನ ಚೀಟಿಯನ್ನು ಡ್ಯಾಶ್‌ಬೋರ್ಡಿನಲ್ಲಿ ತುರುಕಿ ಮರೆಯುತ್ತೇವೆ. ಅದರಲ್ಲೂ ರೋಗದ ವಿವರವಿದೆ. ಹೈಡ್ರೋಕಾರ್ಬನ್ ಏರಿ ಕಾರ್ಬನ್ ಮಾನಾಕ್ಸೈಡ್ ಕಡಿಮೆಯೇ ಇದ್ದರೆ ಪೆಟ್ರೋಲ್ ಉರಿಯದೆ ಹೊರಹೋಗುತ್ತಿದೆ, ಅಂದರೆ ಮಿಸ್ಸಿಂಗ್. ಮಾನಾಕ್ಸೈಡೇ ಏರಿದ್ದರೆ ಪೆಟ್ರೋಲ್ ಹೆಚ್ಚಾಗಿದೆ.

ಎಥೆನಾಲ್ ಬೆರೆತ ಪೆಟ್ರೋಲಿನ ವಿಚಾರವನ್ನೂ ಹೇಳಬೇಕು. ಶೇ 20ರಷ್ಟು ಎಥೆನಾಲ್ ಇರುವ ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲೇ. ಶುದ್ಧ ಪೆಟ್ರೋಲ್ ಉರಿಯಲು ತೂಕದ ಲೆಕ್ಕದಲ್ಲಿ 14.7 ಪಾಲು ಗಾಳಿ ಬೇಕು, ಎಥೆನಾಲಿಗೆ 9 ಪಾಲು ಸಾಕು. ಹೊಸ ಗಾಡಿಯ ಕಂಪ್ಯೂಟರ್ ಈ ವ್ಯತ್ಯಾಸ ಅರಿತು ಇಂಧನ ಹೆಚ್ಚಿಸಿಕೊಳ್ಳುತ್ತದೆ. ಕಾರ್ಬುರೇಟರಿನ ಹಿತ್ತಾಳೆ ಜೆಟ್ಟಿಗೆ ಆ ಶಕ್ತಿಯಿಲ್ಲ. ಮಿಶ್ರಣ ತೆಳುವಾಗಿ, ಬೆಳಗಿನ ತಣ್ಣನೆ ಎಂಜಿನ್ ತಡವರಿಸುತ್ತದೆ. ಹಳೆಯ ರಬ್ಬರ್ ಪೈಪು, ಡಯಾಫ್ರಾಮ್‌ಗಳೂ ಎಥೆನಾಲಿಗೆ ಉಬ್ಬಿ ಮೆತ್ತಗಾಗುತ್ತವೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಹಳೆಯ ಗಾಡಿ ಇಟ್ಟುಕೊಂಡವರು ಪೆಟ್ರೋಲ್ ಪೈಪುಗಳನ್ನು ಎಥೆನಾಲ್ ತಡೆಯುವ ರಬ್ಬರಿಗೆ ಬದಲಿಸಿಕೊಳ್ಳುವುದನ್ನು ಮುಂದೂಡಲೇಬಾರದು. ಸೋರಿದರೆ ಬೆಂಕಿಯ ಅಪಾಯ.

ಕಿಡಿಯೂ ಪೆಟ್ರೋಲೂ ಸರಿಯಿದ್ದರೆ ಕೊನೆಗೆ ಕಂಪ್ರೆಷನ್ ಗೇಜ್. ಮೂರೂ ಸಿಲಿಂಡರಿನ ಅಂಕಿ ಬರೆದುಕೊಳ್ಳಿ. ಒಂದು ತೀರಾ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡೂ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ವಾಲ್ವ್ ಎಂದು ಗೊತ್ತಾದರೂ ಹೆಡ್ ಇಳಿಸಲು ಅವಸರ ಬೇಡ. ಟ್ಯಾಪೆಟ್ ಸಡಿಲವಿದ್ದರೆ ಟಕಟಕ ಸದ್ದಾಗಿ ಎಲ್ಲರಿಗೂ ತಿಳಿಯುತ್ತದೆ; ಬಿಗಿಯಾದರೆ ಸದ್ದಿಲ್ಲ, ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತಾ ಹೋಗುತ್ತದೆ. ಎಂಜಿನ್ ತಣ್ಣಗಿರುವಾಗ ಫೀಲರ್ ಗೇಜ್ ಹಾಕಿ ಟ್ಯಾಪೆಟ್ ಸರಿ ಮಾಡಿಸಿ, ಇನ್ನೊಮ್ಮೆ ಅಳೆಸಿ. ಆಗಲೂ ಅಂಕಿ ಏಳದಿದ್ದರೆ ಮಾತ್ರ ಹೆಡ್ ಬಿಚ್ಚಿ ಎನ್ನಿ.