ಚುಕ್ಕಾಣಿ ಮಾತು ಕೇಳದಿದ್ದಾಗ

1967ರ ಮಾರ್ಚ್ 18ರ ಬೆಳಿಗ್ಗೆ, ಇಂಗ್ಲೆಂಡಿನ ಕಾರ್ನ್‌ವಾಲ್ ಮತ್ತು ಸಿಲ್ಲಿ ದ್ವೀಪಗಳ ನಡುವೆ ‘ಟೋರಿ ಕ್ಯಾನಿಯನ್’ ಎಂಬ ತೈಲ ಹಡಗಿನ ಕಪ್ತಾನ, ಎದುರಿಗಿದ್ದ ಬಂಡೆಸಾಲನ್ನು ತಪ್ಪಿಸಲು ಹಡಗನ್ನು ತಿರುಗಿಸಹೊರಟ. ಹಡಗು ತಿರುಗಲಿಲ್ಲ. ಫ್ಯೂಸ್ ಹೋಗಿರಬೇಕೆಂದುಕೊಂಡು ನೋಡಿದ, ಸರಿಯಾಗಿಯೇ ಇತ್ತು. ಎಣ್ಣೆಯ ಪಂಪು ಕೈಕೊಟ್ಟಿತೇ ಎಂಬ ಅನುಮಾನ ಬಂತು. ಕೊನೆಗೆ ಕಣ್ಣಿಗೆ ಬಿದ್ದದ್ದು ಪಕ್ಕದಲ್ಲೇ ಇದ್ದ ಒಂದು ಪುಟ್ಟ ಲಿವರ್. ಚಕ್ರಕ್ಕೂ ಚುಕ್ಕಾಣಿಗೂ ಸಂಬಂಧವೇ ಇಲ್ಲದಂತೆ ಮಾಡುವ ಜಾಗದಲ್ಲಿ ಅದು ನಿಂತಿತ್ತು. ಅದನ್ನು ಸರಿಪಡಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಹಡಗು ಸೆವೆನ್ ಸ್ಟೋನ್ಸ್ ಬಂಡೆಗೆ ಬಡಿಯಿತು. ಒಂದು ಲಕ್ಷ ಟನ್ನಿಗೂ ಹೆಚ್ಚು ಕಚ್ಚಾತೈಲ ಹೊತ್ತಿದ್ದ ಹಡಗು ಅದು.

ಆ ದುರಂತಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಮೋಟಾರು ಬೋಟುಗಳ ಸ್ಟಿಯರಿಂಗ್ ರಿಪೇರಿ ಮಾಡುವವರ ಮೊದಲ ಪಾಠ ಅಲ್ಲೇ ಇದೆ: ಸ್ವಿಚ್ಚು, ಲಿವರ್, ವಾಲ್ವು ಯಾವ ಸ್ಥಾನದಲ್ಲಿವೆ ಎಂದು ನೋಡದೆ ಸ್ಪ್ಯಾನರ್ ಎತ್ತಿಕೊಳ್ಳಬಾರದು.

ಹೈಡ್ರಾಲಿಕ್ ಸ್ಟಿಯರಿಂಗ್ ಇರುವ ಬೋಟಿನಲ್ಲಿ ಚಕ್ರದ ಹಿಂದೆಯೇ ಒಂದು ಚಿಕ್ಕ ಪಂಪು ಕೂತಿರುತ್ತದೆ. ಚಕ್ರ ತಿರುಗಿಸಿದರೆ ಅದು ಎಣ್ಣೆಯನ್ನು ಹೋಸಿನ ಮೂಲಕ ಹಿಂಬದಿಗೆ ತಳ್ಳುತ್ತದೆ. ಅಲ್ಲಿನ ಸಿಲಿಂಡರಿನ ರಾಡು ಚಲಿಸಿ ಚುಕ್ಕಾಣಿಯನ್ನು ತಿರುಗಿಸುತ್ತದೆ. ಎಡಕ್ಕೊಂದು ಹೋಸು, ಬಲಕ್ಕೊಂದು. ಆಟೋಪೈಲಟ್ ಅಳವಡಿಸುವಾಗ ಇದೇ ಹೋಸುಗಳಿಗೆ ಕವಲು ಕೊಟ್ಟು ಇನ್ನೊಂದು ಪಂಪನ್ನು ಜೋಡಿಸುತ್ತಾರೆ. ಅದನ್ನು ಓಡಿಸುವುದು ಕೈಯಲ್ಲ, ಬ್ಯಾಟರಿ. ದಿಕ್ಸೂಚಿ ಹೇಳಿದಂತೆ ಮೋಟಾರು ಆ ಕಡೆಗೋ ಈ ಕಡೆಗೋ ತಿರುಗುತ್ತದೆ. ಎರಡು ಪಂಪು, ಎಣ್ಣೆ ಮಾತ್ರ ಒಂದೇ. ಒಬ್ಬರು ತಳ್ಳಿದ ಎಣ್ಣೆ ಇನ್ನೊಬ್ಬರ ಪಂಪಿನೊಳಗೆ ನುಗ್ಗದಿರಲೆಂದು ಎರಡರಲ್ಲೂ ತಡೆ ವಾಲ್ವುಗಳಿವೆ. ತಲೆನೋವು ಹುಟ್ಟುವುದೂ ಬಹುಪಾಲು ಅಲ್ಲೇ.

ಈ ವ್ಯವಸ್ಥೆಯ ತಮಾಷೆ ಏನೆಂದರೆ, ಒಂದರ ರೋಗ ಇನ್ನೊಂದರ ಮೈಮೇಲೆ ಕಾಣಿಸಿಕೊಳ್ಳುತ್ತದೆ. ಆಟೋಪೈಲಟ್ ಪಂಪಿನ ವಾಲ್ವಿನಲ್ಲಿ ಕಸದ ಒಂದು ಚೂರು ಸಿಕ್ಕಿಕೊಂಡಿತೆನ್ನಿ. ಆಗ ಕಷ್ಟ ಆಟೋಪೈಲಟ್ಟಿಗಲ್ಲ, ಕೈಯಲ್ಲಿ ಚಕ್ರ ಹಿಡಿದವನಿಗೆ. ಅವನು ತಳ್ಳಿದ ಎಣ್ಣೆ ಸಿಲಿಂಡರಿಗೆ ಹೋಗದೆ ಆ ಪಂಪಿನೊಳಗೇ ಸುತ್ತು ಹೊಡೆಯುತ್ತದೆ, ಚಕ್ರ ಸುಮ್ಮನೆ ತಿರುಗುತ್ತಲೇ ಇರುತ್ತದೆ. ಬದಲಿಗೆ ಚಕ್ರದ ಹಿಂದಿನ ವಾಲ್ವು ಸೋರಿದರೆ, ಆಟೋಪೈಲಟ್ ಕೆಲಸ ಮಾಡುವಾಗ ಯಾರೂ ಮುಟ್ಟದ ಚಕ್ರ ತಾನಾಗಿ ತಿರುಗುತ್ತದೆ, ಚುಕ್ಕಾಣಿ ಅರ್ಧಂಬರ್ಧ ತಿರುಗಿ ನಿಲ್ಲುತ್ತದೆ. ಮೇಲೊಂದು ಕೆಳಗೊಂದು ಚಕ್ರವಿರುವ ಬೋಟಿನಲ್ಲಿ ಕೆಳಗಿನದನ್ನು ತಿರುಗಿಸಿದರೆ ಮೇಲಿನದೂ ತಿರುಗಿತೋ, ದೋಷ ಮೇಲಿನದರಲ್ಲಿ. ಇದನ್ನು ತಿಳಿಯದವರು ಕೆಡದ ಪಂಪನ್ನು ಬಿಚ್ಚಿ ದುಡ್ಡು ಕಳೆದುಕೊಳ್ಳುತ್ತಾರೆ.

ಹಾಗಾಗಿ ಬಲ್ಲ ಮೆಕ್ಯಾನಿಕ್ ಮೊದಲು ಕೇಳುವುದು ಇಷ್ಟೇ: ಕೈಯಲ್ಲಿ ನಡೆಸಿದರೆ ಸರಿಯಿದೆಯೇ? ಆಟೋಪೈಲಟ್ಟಿನಲ್ಲಿ? ಎರಡರಲ್ಲೂ ಇಲ್ಲವೆಂದರೆ ಎಣ್ಣೆ, ಸಿಲಿಂಡರ್ ಅಥವಾ ಚುಕ್ಕಾಣಿಯತ್ತ ನೋಡಬೇಕು. ಕೈಯಲ್ಲಿ ನಡೆಸುವಾಗ ಮಾತ್ರ ತೊಂದರೆ ಎಂದರೆ ಬೋಟನ್ನು ಕಟ್ಟಿನಿಲ್ಲಿಸಿ, ಆಟೋಪೈಲಟ್ಟನ್ನು ಆಫ್ ಮಾಡಿ, ಅದರ ಪಂಪಿಗೆ ಹೋಗುವ ಹೋಸುಗಳ ವಾಲ್ವನ್ನು ಬಂದ್ ಮಾಡುತ್ತಾನೆ. ಚಕ್ರ ಕೂಡಲೇ ಬಿಗಿಯಾದರೆ ತಪ್ಪಿತಸ್ಥ ಸಿಕ್ಕಂತೆ. ಅಂಥ ವಾಲ್ವುಗಳನ್ನೇ ಹಾಕದೆ ಪಂಪು ಜೋಡಿಸಿ ಹೋದವರಿಗೆ ಏನು ಹೇಳುವುದು! ನಾಲ್ಕು ಕಾಸಿನ ಉಳಿತಾಯಕ್ಕೆ ಮುಂದಿನವನ ಅರ್ಧ ದಿನ ಹಾಳು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಗಾಳಿ. ಎಣ್ಣೆಯನ್ನು ಒತ್ತಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು. ಗಾಳಿ ಸೇರಿದರೆ ಕಾರಿನ ಬ್ರೇಕ್ ಪೆಡಲ್ ಮೆತ್ತಗಾಗುವ ಹಾಗೆ ಇಲ್ಲಿ ಚಕ್ರ ಮೆತ್ತಗಾಗುತ್ತದೆ. ಕೊನೆ ಮುಟ್ಟಿದರೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಆಟೋಪೈಲಟ್ಟಿಗಂತೂ ಇದು ದೊಡ್ಡ ಗೊಂದಲ. ಮೋಟಾರು ಓಡುತ್ತದೆ, ಚುಕ್ಕಾಣಿ ತಡವಾಗಿ ಸರಿಯುತ್ತದೆ, ಅಷ್ಟರಲ್ಲಿ ಅದು ಇನ್ನಷ್ಟು ತಳ್ಳಿರುತ್ತದೆ. ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬ ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ಎಣ್ಣೆ ಇಳಿಯದಂತೆ ತುಂಬುತ್ತಿರಬೇಕು, ಇನ್ನೊಬ್ಬ ಸಿಲಿಂಡರಿನ ನಿಪ್ಪಲ್ ಸಡಿಲಿಸಿ ಗುಳ್ಳೆ ನಿಲ್ಲುವವರೆಗೂ ಎಣ್ಣೆ ಬಿಡಬೇಕು. ಎರಡು ಚಕ್ರವಿದ್ದರೆ ತುಂಬುವುದು ಎತ್ತರದ್ದರಲ್ಲಿ. ಅನೇಕರು ಇಷ್ಟು ಮಾಡಿ ಕೈತೊಳೆದುಕೊಳ್ಳುತ್ತಾರೆ. ಆಟೋಪೈಲಟ್ ಪಂಪಿನ ಕವಲಿನಲ್ಲಿ ಗಾಳಿ ಹಾಗೇ ಉಳಿದಿರುತ್ತದೆ. ಆ ಪಂಪನ್ನೂ ಎರಡೂ ಕಡೆಗೆ ಓಡಿಸಿದರೇ ಅದು ಹೊರಬರುವುದು.

ಎಣ್ಣೆ ಮತ್ತೆ ಮತ್ತೆ ಇಳಿಯುತ್ತಿದ್ದರೆ ರಾಡಿನ ಸೀಲು ನೋಡಬೇಕು. ತುಂಬುವ ಎಣ್ಣೆ ತಯಾರಕರು ಹೇಳಿದ್ದೇ ಆಗಿರಲಿ. ಬ್ರೇಕ್ ಆಯಿಲ್ ಸುರಿದರೆ ಸೀಲುಗಳು ಹಾಳಾಗುತ್ತವೆ.

ಬೋಟು ಹಾವಿನಂತೆ ಹರಿದಾಡತೊಡಗಿದರೆ ಎಲ್ಲರೂ ಆಟೋಪೈಲಟ್ಟಿನ ಕಂಪ್ಯೂಟರನ್ನು ಬೈಯುತ್ತಾರೆ. ಚುಕ್ಕಾಣಿ ಎಷ್ಟು ತಿರುಗಿದೆ ಎಂದು ಹೇಳುವ ಸೆನ್ಸರಿನ ಸಡಿಲ ಬೋಲ್ಟೋ, ದಿಕ್ಸೂಚಿಯ ಹತ್ತಿರ ಯಾರೋ ಇಟ್ಟುಹೋದ ಸ್ಪೀಕರ್ರೋ ಕಾರಣವಾಗಿರುವುದೇ ಹೆಚ್ಚು. ಯಂತ್ರದ ಲೆಕ್ಕಾಚಾರ ಗಟ್ಟಿಯಾದದ್ದು. 1922ರಲ್ಲಿ ನಿಕೊಲಾಸ್ ಮಿನೋರ್ಸ್ಕಿ ಎಂಬ ರಷ್ಯನ್ ಮೂಲದ ಎಂಜಿನಿಯರ್ ಅಮೆರಿಕದಲ್ಲಿ ಅದರ ಗಣಿತವನ್ನು ಪ್ರಕಟಿಸಿದ. ಅದಕ್ಕೆ ಆಧಾರ, ನುರಿತ ಚುಕ್ಕಾಣಿಗರು ಹಡಗು ನಡೆಸುವ ರೀತಿ. ಅವರು ದಾರಿ ಎಷ್ಟು ತಪ್ಪಿದೆ ಎಂಬುದನ್ನಷ್ಟೇ ನೋಡುತ್ತಿರಲಿಲ್ಲ, ಎಷ್ಟು ವೇಗವಾಗಿ ತಪ್ಪುತ್ತಿದೆ ಎಂಬುದನ್ನೂ ಗಮನಿಸಿ ಚಕ್ರವನ್ನು ಮುಂಚೆಯೇ ಹಿಂದಕ್ಕೆಳೆಯುತ್ತಿದ್ದರು. ‘ನ್ಯೂ ಮೆಕ್ಸಿಕೋ’ ಎಂಬ ಯುದ್ಧನೌಕೆಯ ಮೇಲೆ ಅದರ ಪರೀಕ್ಷೆಯೂ ನಡೆಯಿತು. ಇಂದಿನ ಕಾರ್ಖಾನೆಗಳ ಬಹುಪಾಲು ನಿಯಂತ್ರಣ ಯಂತ್ರಗಳು ನಡೆಯುವುದು ಇದೇ ತತ್ವದ ಮೇಲೆ.

ವಿದ್ಯುತ್ತಿನ ಕಡೆ ಪತ್ತೆ ಸುಲಭ. ಮೋಟಾರಿನ ಸದ್ದಿದ್ದು ಚುಕ್ಕಾಣಿ ಅಲ್ಲಾಡದಿದ್ದರೆ ಎಣ್ಣೆಯ ತೊಂದರೆ, ಸದ್ದೇ ಇಲ್ಲದಿದ್ದರೆ ತಂತಿಯದು. ಉಪ್ಪುಗಾಳಿಗೆ ಹಸಿರು ಹಿಡಿದ ಟರ್ಮಿನಲ್ಲನ್ನು ಉಜ್ಜಿದರೆ ಅರ್ಧ ಕೇಸು ಮುಗಿಯಿತು. ಚಕ್ರ ಬಿಗಿಹಿಡಿದಿದ್ದರೆ ಸಿಲಿಂಡರನ್ನು ಕಳಚಿ ಚುಕ್ಕಾಣಿಯನ್ನು ಕೈಯಿಂದಲೇ ಆಡಿಸಿ ನೋಡಬೇಕು. ಅದೇ ಅಲುಗದಿದ್ದರೆ ಪಾಪ, ಹೈಡ್ರಾಲಿಕ್ಕಿನದೇನೂ ತಪ್ಪಿಲ್ಲ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ದಡದಲ್ಲಿ. ಮಲ್ಪೆಯಾಗಲಿ ಮಂಗಳೂರಾಗಲಿ, ಹೈಡ್ರಾಲಿಕ್ ಸ್ಟಿಯರಿಂಗ್ ಇರುವ ಬೋಟಿನ ಮಾಲೀಕರಿಗೆ ಸೀಲು, ಹೋಸು, ಎಣ್ಣೆ ನೋಡಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು. ನೋಡಿಸುವಾಗ ಇನ್ನೊಂದು ಕೆಲಸವನ್ನೂ ಮಾಡಿ. ಎಣ್ಣೆಯೆಲ್ಲ ಸೋರಿಹೋದರೂ ಚುಕ್ಕಾಣಿಯನ್ನು ನೇರವಾಗಿ ತಿರುಗಿಸಲು ಒಂದು ತುರ್ತು ಹಿಡಿಕೆ ಇರಬೇಕು. ಅದು ಬೋಟಿನಲ್ಲಿದೆಯೇ, ಚುಕ್ಕಾಣಿಯ ತಲೆಗೆ ಸರಿಯಾಗಿ ಕೂರುತ್ತದೆಯೇ ಎಂದು ಬಂದರಿನೊಳಗೇ, ಬೋಟು ನಡೆಸುವ ತಾಂಡೇಲರ ಕೈಯಲ್ಲಿ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಿ.